ವರದಿಯಲ್ಲಿ ಬೆಳೆದ ಕಾಡು

ಬೆಂಗಳೂರಿನಲ್ಲಿ ಮರ ಬೇಗ ಬೆಳೆಯಬೇಕಾದರೆ ನೀರು, ಗೊಬ್ಬರ ಯಾವುದೂ ಬೇಕಿಲ್ಲ. ಪರಿಸರ ಪರಿಣಾಮದ ವರದಿಯಲ್ಲಿ ನೆಟ್ಟರೆ ಸಾಕು. ನಗರದ ಹೊರವಲಯದಲ್ಲಿ ಬರಬೇಕಾದ ಪೆರಿಫೆರಲ್ ರಿಂಗ್ ರಸ್ತೆಯ ಕಡತವನ್ನೇ ನೋಡಿ. ಪರಿಸರ ಅನುಮತಿಗೆ ಅರ್ಜಿ ಹಾಕುವಾಗ ಅಲ್ಲಿ ಕಡಿಯಬೇಕಾದ ಮರಗಳು ಕೆಲವು ನೂರು ಮಾತ್ರ. ಮುಂದಿನ ವರದಿ ಬರುವ ಹೊತ್ತಿಗೆ ಅವು 16 ಸಾವಿರ ದಾಟಿದ್ದವು. 2020ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟ್ ಈ ಪವಾಡವನ್ನು ಗಮನಿಸಿ, ಅಧ್ಯಯನವನ್ನು ಹೊಸದಾಗಿ ಮಾಡಿ ಎಂದಿತು. ಮಾಡಿದರು. ಮರಗಳು 33 ಸಾವಿರ ದಾಟಿದವು. ಇನ್ನೊಂದೆರಡು ಅಧ್ಯಯನ ಮಾಡಿಸಿದರೆ ಬನ್ನೇರುಘಟ್ಟದ ಆನೆಗಳು ದಾರಿ ತಪ್ಪಿ ಕಡತದೊಳಗೆ ನುಗ್ಗುವ ಅಪಾಯವಿದೆ.

ತುಮಕೂರು ರಸ್ತೆಯಿಂದ ಹೊರಟು, ಬಳ್ಳಾರಿ ರಸ್ತೆ, ಹಳೆ ಮದ್ರಾಸು ರಸ್ತೆಗಳನ್ನು ದಾಟಿ ಹೊಸೂರು ರಸ್ತೆ ಸೇರಬೇಕಾದ ಸುಮಾರು 73 ಕಿಲೋಮೀಟರ್‌ನ ಈ ರಸ್ತೆಗೆ ಮೊದಲ ಅಧಿಸೂಚನೆ ಹೊರಟದ್ದು 2005ರಲ್ಲಿ. ಅಂತಿಮ ಅಧಿಸೂಚನೆ 2007ರಲ್ಲಿ. ಆಮೇಲೆ ಸರ್ಕಾರಗಳು ಬಂದವು, ಹೋದವು, ಮತ್ತೆ ಬಂದವು. ಯೋಜನೆಯ ಅಂದಾಜು 27 ಸಾವಿರ ಕೋಟಿ ರೂಪಾಯಿ ಮುಟ್ಟಿತು. ಹೆಸರು ಕೂಡ ಬದಲಾಗಿ ಈಗ ಬೆಂಗಳೂರು ಬಿಸಿನೆಸ್ ಕಾರಿಡಾರ್ ಆಗಿದೆ. ಒಂದು ಬುಟ್ಟಿ ಜಲ್ಲಿ ಬೀಳುವ ಮೊದಲೇ ಮರುನಾಮಕರಣದ ಭಾಗ್ಯ ಎಲ್ಲ ರಸ್ತೆಗಳಿಗೂ ಸಿಗುವುದಿಲ್ಲ.

ರಸ್ತೆ ನೆಲದ ಮೇಲೆ ಇಲ್ಲ ನಿಜ, ಆದರೆ ಪಹಣಿಯ ಮೇಲೆ ಇದೆ. ಅಲ್ಲಿ ಅದಕ್ಕೆ ಗುಂಡಿಯಿಲ್ಲ, ಸಿಗ್ನಲ್ ಇಲ್ಲ, ಇಪ್ಪತ್ತು ವರ್ಷಗಳಿಂದ ಸರಾಗವಾಗಿ ಓಡುತ್ತಿದೆ. ಭೂಸ್ವಾಧೀನದ ಒಂದು ಸಾಲು ಪಹಣಿಯಲ್ಲಿ ಕುಳಿತಿತೆಂದರೆ ಜಮೀನು ಕೊಳ್ಳಲು ಗಿರಾಕಿ ಬರುವುದಿಲ್ಲ, ಮನೆ ಕಟ್ಟಲು ಅನುಮತಿ ಸಿಗುವುದಿಲ್ಲ, ಬ್ಯಾಂಕಿನವರು ಕುರ್ಚಿ ತೋರಿಸುವುದಿಲ್ಲ. ಅಧಿಸೂಚನೆ ಬಂದಾಗ ಮದುವೆಗಿದ್ದ ಮಗಳ ಮಗ ಈಗ ಕಾಲೇಜಿನಲ್ಲಿದ್ದಾನೆ. ಅವಳ ಮದುವೆಗೆ ಮಾರಲು ಇಟ್ಟಿದ್ದ ಅರ್ಧ ಎಕರೆ ಇನ್ನೂ ಮಾರಾಟಕ್ಕೇ ಇದೆ.

ಈಗ ಕಾಲದ ಲೆಕ್ಕಕ್ಕೆ ಬರೋಣ. ಕರ್ನಾಟಕದ 1976ರ ವೃಕ್ಷ ಸಂರಕ್ಷಣಾ ಕಾಯ್ದೆಯ ಪ್ರಕಾರ ಐವತ್ತಕ್ಕಿಂತ ಹೆಚ್ಚು ಮರ ಕಡಿಯುವುದಾದರೆ ಸಾರ್ವಜನಿಕರಿಗೆ ಪ್ರಕಟಣೆ ಕೊಡಬೇಕು. ಆಕ್ಷೇಪಣೆ ಇದ್ದವರು 10 ದಿನಗಳೊಳಗೆ ಬರೆದು ತಿಳಿಸಬೇಕು. ಸರ್ಕಾರಕ್ಕೆ ಯೋಚಿಸಲು ಇಪ್ಪತ್ತು ವರ್ಷ ಸಾಲದು, ನಾಗರಿಕನಿಗೆ ಹತ್ತು ದಿನ ಧಾರಾಳ. ಜನರ ಬುದ್ಧಿಶಕ್ತಿಯ ಬಗ್ಗೆ ಆಡಳಿತಕ್ಕೆ ಇಷ್ಟು ಗೌರವ ಇರುವುದು ನಮ್ಮಲ್ಲಿ ಮಾತ್ರ.

ಆ ಬುದ್ಧಿ ಊರಿನ ಮಧ್ಯೆ ಇದ್ದರೆ ಇನ್ನೂ ಚುರುಕು. 2016ರಲ್ಲಿ ಬಸವೇಶ್ವರ ವೃತ್ತದಿಂದ ಹೆಬ್ಬಾಳಕ್ಕೆ ಉಕ್ಕಿನ ಮೇಲ್ಸೇತುವೆ ಕಟ್ಟಲು 812 ಮರ ಕಡಿಯುತ್ತೇವೆ ಎಂದರು. ಅಕ್ಟೋಬರಿನ ಒಂದು ಭಾನುವಾರ ಜನ ಕೈಕೈ ಹಿಡಿದು ನಿಂತರು, ಮುಂದಿನ ಮಾರ್ಚಿಗೆ ಯೋಜನೆ ರದ್ದಾಯಿತು. ಆದರೆ ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣದ ರೈತರು ಭೂಸ್ವಾಧೀನದಿಂದ 1,777 ಎಕರೆ ಉಳಿಸಿಕೊಳ್ಳಲು ಮೂರು ವರ್ಷ ದಾಟಿ ಧರಣಿ ಕೂರಬೇಕಾಯಿತು, 2025ರ ಜುಲೈವರೆಗೆ. ವಿಧಾನಸೌಧದಿಂದ ದೂರ ಹೋದಷ್ಟೂ ಕೂಗು ತಲುಪಲು ಹೊತ್ತು ಹಿಡಿಯುತ್ತದೆ. ದಾರಿಯಲ್ಲಿ ಟ್ರಾಫಿಕ್ ಇರಬೇಕು.

ಇಷ್ಟಾದರೂ ಅಧಿಕಾರಿಗಳು ಜನರನ್ನು ಕೇಳುವುದೇ ಇಲ್ಲ ಎಂದರೆ ನಾಲಿಗೆ ಬಿದ್ದು ಹೋದೀತು. ಕೇಳುತ್ತಾರೆ. ಶಾಮಿಯಾನ ಹಾಕಿಸಿ, ಪ್ಲಾಸ್ಟಿಕ್ ಕುರ್ಚಿ ಇಡಿಸಿ, ಬಾದಾಮಿ ಹಾಲು ಕೊಟ್ಟು ಕೇಳುತ್ತಾರೆ. ಪರದೆಯ ಮೇಲೆ ಬಿಡುವ ವಿಡಿಯೊದಲ್ಲಿ ಕಾರುಗಳು ಒಂದಕ್ಕೊಂದು ನೂರು ಅಡಿ ಅಂತರ ಕಾಯ್ದುಕೊಂಡು ಸಾಗುತ್ತವೆ, ಆಟೊಗಳಿಗಂತೂ ಪ್ರವೇಶವೇ ಇಲ್ಲ. ಪಕ್ಕದಲ್ಲಿ ನಕ್ಷೆ. ಹಿರಿಯರೊಬ್ಬರು ಕನ್ನಡಕ ಏರಿಸಿ ತಮ್ಮ ಸರ್ವೆ ನಂಬರ್ ಹುಡುಕುತ್ತಾರೆ. ಬೆರಳಿಟ್ಟರೆ ಊರೇ ಮುಚ್ಚಿಹೋಗುತ್ತದೆ, ಬೆರಳು ತೆಗೆದರೆ ಕೆಂಪು ಗೆರೆ ಬಿಟ್ಟು ಬೇರೇನೂ ಕಾಣುವುದಿಲ್ಲ. ಇಂಥ ಸಭೆಗಳಲ್ಲಿ ಎಲ್ಲವನ್ನೂ ಚರ್ಚಿಸಬಹುದು. ರಸ್ತೆ ಬೇಕೇ ಎಂಬುದೊಂದು ಮಾತ್ರ ಕಾರ್ಯಸೂಚಿಯಲ್ಲಿರುವುದಿಲ್ಲ.

ಪರಿಹಾರದ ಚರ್ಚೆ ಇನ್ನೂ ರಸವತ್ತಾದದ್ದು. ರೈತರು ಕೇಳುತ್ತಿರುವುದು ಹೆಚ್ಚು ಪರಿಹಾರ ಸಿಗುವ 2013ರ ಭೂಸ್ವಾಧೀನ ಕಾಯ್ದೆಯ ಲೆಕ್ಕ. ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ ಹಿಡಿದಿರುವುದು 1976ರ ತನ್ನ ಕಾಯ್ದೆ, ಅದರ ಬೆನ್ನಿಗೆ ವಿಕ್ಟೋರಿಯಾ ರಾಣಿ ಬದುಕಿದ್ದ 1894ರ ಕಾನೂನು. ರಸ್ತೆ ಇಪ್ಪತ್ತೊಂದನೇ ಶತಮಾನದ್ದು, ಪರಿಹಾರ ಹತ್ತೊಂಬತ್ತನೆಯದ್ದು. ನಡುವಿನ ಶತಮಾನ ಸರ್ವೆಯಲ್ಲಿ ತಪ್ಪಿಹೋಗಿರಬಹುದು. 2025ರಲ್ಲಿ ಸರ್ಕಾರ ಉದಾರವಾಗಿ ಐದು ಆಯ್ಕೆ ಕೊಟ್ಟಿತು: ನಗದು, ಟಿಡಿಆರ್ (ಬೇರೆಡೆ ಬಳಸಲು ಇಲ್ಲವೇ ಮಾರಲು ಬರುವ ಕಟ್ಟಡದ ಹಕ್ಕು), ಎಫ್‌ಎಆರ್ (ಉಳಿದ ಜಾಗದಲ್ಲಿ ಹೆಚ್ಚು ಕಟ್ಟಿಕೊಳ್ಳುವ ಅವಕಾಶ), ವಸತಿ ನಿವೇಶನ, ವಾಣಿಜ್ಯ ಭೂಮಿ. 100 ಮೀಟರ್ ಅಗಲವೆಂದಿದ್ದ ರಸ್ತೆಯನ್ನು 65ಕ್ಕೆ ಇಳಿಸಿ, ಉಳಿದ 35 ಮೀಟರನ್ನು ಜಮೀನು ಕೊಟ್ಟವರಿಗೇ ವಾಣಿಜ್ಯ ಭೂಮಿಯಾಗಿ ಹಂಚುವುದಾಗಿಯೂ ಹೇಳಿತು. ನಿಮ್ಮ ಹೊಲವನ್ನು ಕಿತ್ತುಕೊಂಡು, ಅದರದೇ ಒಂದು ತುಂಡನ್ನು ನಿಮಗೆ ಪರಿಹಾರವೆಂದು ಕೊಡುವ ಈ ಕಲೆಗೆ ರಾಜ್ಯೋತ್ಸವ ಪ್ರಶಸ್ತಿ ಇನ್ನೂ ಬಂದಿಲ್ಲ ಎನ್ನುವುದೇ ಆಶ್ಚರ್ಯ.

ಸಭೆಯ ಕೊನೆಗೆ ಆ ಹಿರಿಯರು ಎದ್ದು ನಿಲ್ಲುತ್ತಾರೆಂದು ಇಟ್ಟುಕೊಳ್ಳಿ.

“ಸ್ವಾಮಿ, ಈ ಐದರಲ್ಲಿ ಒಂದನ್ನು ಆರಿಸಿಕೊಂಡರೆ ಕೈಗೆ ಸಿಗುವುದು ಯಾವಾಗ?”

“ಅದು ಸರ್ಕಾರದ ಹಂತದಲ್ಲಿದೆ ಯಜಮಾನರೇ. ನೀವು ಬೇಗ ಬರೆದು ಕೊಡಿ, ಕಾಲಾವಕಾಶ ಕಡಿಮೆಯಿದೆ.”

“ಹಾಗಾದರೆ ಈ ಮಳೆಗೆ ರಾಗಿ ಬಿತ್ತಬಹುದೇ?”

“ಧಾರಾಳವಾಗಿ ಬಿತ್ತಿ. ಬೆಳೆ ಪರಿಹಾರ ಮಾತ್ರ ಕೇಳಬೇಡಿ, ನಮ್ಮ ಕಡತದ ಪ್ರಕಾರ ಅಲ್ಲಿ ರಸ್ತೆ ಇದೆ.”