ಬಾಡಿಗೆದಾರ ಜಾಗ ಬಿಡುತ್ತಿಲ್ಲ: ಮನೆಯನ್ನು ಇದ್ದಂತೆಯೇ ಮಾರಬಹುದೇ?

ಪರ

ಖಾಲಿ ಮಾಡಿಸದೆ ಮಾರುವಂತಿಲ್ಲ ಎನ್ನುವುದು ಬ್ರೋಕರ್‌ಗಳ ಮಾತು, ಕಾನೂನಿನದಲ್ಲ. 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 109ನೇ ಕಲಂ ಪ್ರಕಾರ ಮನೆ ಕೊಂಡವರೇ ಬಾಡಿಗೆದಾರನಿಗೆ ಹೊಸ ಮಾಲೀಕರು. ಅದಕ್ಕೆ ಅವನ ಒಪ್ಪಿಗೆ ಬೇಕಿಲ್ಲ. ಮುಂದೆ ನೋಟಿಸ್ ಕೊಡುವುದು, ದಾವೆ ಹೂಡುವುದು ಎಲ್ಲ ಅವರ ಹಕ್ಕು.

ಕೆಲಸ ಕೆಡುವುದು ಕ್ರಯಪತ್ರದಲ್ಲಿ. ಹಳೆಯ ನಮೂನೆಯ "ಖಾಲಿ ಸ್ವಾಧೀನ ಕೊಟ್ಟಿದ್ದೇವೆ" ಎಂಬ ಸಾಲು ಹಾಗೇ ಉಳಿದರೆ ಸುಳ್ಳು ಬರೆದುಕೊಟ್ಟಂತೆ. ಕೊಂಡವರು ನಾಳೆ ಮಾರಿದವರನ್ನೇ ಕೋರ್ಟಿಗೆ ಎಳೆಯುತ್ತಾರೆ. ಬಾಡಿಗೆದಾರ ಇದ್ದಾನೆ, ಬಾಡಿಗೆ ಇಷ್ಟು, ಅಡ್ವಾನ್ಸ್ ಇಷ್ಟು, ಅದನ್ನು ಬೆಲೆಯಲ್ಲಿ ಮುರಿದುಕೊಂಡಿದೆ, ಹಿಂದಿರುಗಿಸುವ ಹೊಣೆ ಕೊಂಡವರದು ಎಂದು ಬಿಡಿಸಿ ಬರೆಯಬೇಕು. ಮಾರಾಟಕ್ಕೆ ಮುಂಚಿನ ಬಾಕಿ ಬಾಡಿಗೆ ತಾನಾಗಿ ಕೊಂಡವರ ಪಾಲಾಗದು. ಕೊಡುವುದಿದ್ದರೆ ಅದನ್ನೂ ಬರೆಯಬೇಕು. ನೋಂದಣಿಯಾದ ದಿನವೇ ಇಬ್ಬರೂ ಸಹಿ ಮಾಡಿದ ಪತ್ರ ಬಾಡಿಗೆದಾರನಿಗೆ ಹೋಗಲಿ. ಮಾರಾಟ ಗೊತ್ತಿಲ್ಲದೆ ಹಳೆಯ ಮಾಲೀಕರಿಗೆ ಕಟ್ಟಿದ ಬಾಡಿಗೆಯನ್ನು ಅವನಿಂದ ಮತ್ತೆ ಕೇಳುವಂತಿಲ್ಲ.

ವಿರೋಧ

ಕಾನೂನು ಒಪ್ಪಿದರೂ ಕೊಳ್ಳುವವರು ಒಪ್ಪಬೇಕಲ್ಲ! ತಾವೇ ವಾಸಕ್ಕೆ ಬರುವವರು ಇಂಥ ಮನೆಯ ಮೆಟ್ಟಿಲೂ ಹತ್ತುವುದಿಲ್ಲ. ಬರುವವರು ವ್ಯಾಜ್ಯದ ಖರ್ಚನ್ನು ಮೊದಲೇ ಕಳೆದು ಬೆಲೆ ಹೇಳುತ್ತಾರೆ. ತಿಂಗಳ ಬಾಡಿಗೆಯ ಬದಲು ಇಡುಗಂಟು ಕೊಟ್ಟು ಇರುವ ಭೋಗ್ಯದ ಮನೆಯಾದರೆ ಮಾತೇ ಬೇರೆ. ಇಡುಗಂಟು ಕೈಗೆ ಬರದೆ ಯಾರು ಏಳುತ್ತಾರೆ? ಅಲ್ಲಿ ಬಹುಪಾಲು ತಪ್ಪು ಆ ಹಣ ಖರ್ಚು ಮಾಡಿಕೊಂಡ ಮಾಲೀಕರದೇ.

ಆದ್ದರಿಂದ ಮೊದಲು ಬಿಡಿಸಬೇಕು. 11 ತಿಂಗಳ ಕರಾರು ಮುಗಿದ ಮೇಲೂ ಬಾಡಿಗೆ ತೆಗೆದುಕೊಂಡಿದ್ದರೆ ಅದು ಸಾಮಾನ್ಯವಾಗಿ ತಿಂಗಳ ಬಾಡಿಗೆಯ ಲೆಕ್ಕ. ಸ್ವತ್ತು ವರ್ಗಾವಣೆ ಕಾಯ್ದೆಯ 106ನೇ ಕಲಂ ಪ್ರಕಾರ 15 ದಿನಗಳ ಲಿಖಿತ ನೋಟಿಸ್ ಬೇಕು. ಆಮೇಲೂ ಎಂದಿನಂತೆ ರಸೀದಿ ಕೊಡುತ್ತ ಹೋದರೆ, ನೋಟಿಸ್ ಕೈಬಿಟ್ಟಿದ್ದೀರಿ ಎಂದು ಎದುರು ವಕೀಲರು ವಾದಿಸುತ್ತಾರೆ. ಬೆಂಗಳೂರಿನಲ್ಲಿ ತಿಂಗಳ ಬಾಡಿಗೆ 3,500 ರೂಪಾಯಿ ಮೀರಿದರೆ 1999ರ ಕರ್ನಾಟಕ ಬಾಡಿಗೆ ಕಾಯ್ದೆ ಅನ್ವಯಿಸದು. ಈಗ ಅಷ್ಟಕ್ಕೆ ಒಂದು ಕೋಣೆಯೂ ಸಿಗದು ಎನ್ನಿ. ಹಾಗಾಗಿ ಮಾಮೂಲಿ ದಾವೆಯೇ ದಾರಿ. ಕೋರ್ಟ್ ಶುಲ್ಕ ಮನೆಯ ಬೆಲೆಯ ಮೇಲಲ್ಲ, ಒಂದು ವರ್ಷದ ಬಾಡಿಗೆಯ ಮೇಲೆ.

ಬೀಗ ಬದಲಿಸುವ ದುಡುಕು ಬೇಡ. ಹೊರಹಾಕಿಸಿಕೊಂಡವನು ನಿರ್ದಿಷ್ಟ ಪರಿಹಾರ ಕಾಯ್ದೆಯ 6ನೇ ಕಲಂನಡಿ 6 ತಿಂಗಳೊಳಗೆ ದಾವೆ ಹೂಡಿ ಮತ್ತೆ ಒಳಗೆ ಬರಬಹುದು.

ಎರಡು ತಿಂಗಳ ಬಾಡಿಗೆ ಬಿಟ್ಟುಕೊಟ್ಟು ರಾಜಿಯಾಗುವುದೇ ಅಗ್ಗ. ಅದನ್ನು ಬರೀ ಛಾಪಾ ಕಾಗದದಲ್ಲಿ ಬರೆಸಿದರೆ ಸಾಲದು. ದಾವೆಯಲ್ಲೇ ರಾಜಿ ಡಿಕ್ರಿ, ಅಂದರೆ ಒಪ್ಪಂದದಂತೆ ಕೋರ್ಟಿನ ತೀರ್ಪು, ಮಾಡಿಸಿಕೊಂಡರೆ ಮಾತು ತಪ್ಪಿದಾಗ ಹೊಸ ದಾವೆ ಬೇಕಿಲ್ಲ, ಅದನ್ನು ಕೋರ್ಟಿನಿಂದ ಜಾರಿ ಮಾಡಿಸಲು ನೇರ ಅಮಲ್ಜಾರಿಗೆ ಹೋಗಬಹುದು. ಕ್ರಯದ ಕರಾರಿಗೆ ಸಹಿ ಬೀಳುವುದು ಬೀಗದ ಕೈ ಸಿಕ್ಕ ಮೇಲೆ.