ಬಾನೆಟ್ ಎತ್ತಿದರೆ ಸಭೆ

ಮಲೆನಾಡಿನಲ್ಲಿ ಜನರನ್ನು ಕೂಡಿಸಲು ಆಮಂತ್ರಣ ಪತ್ರಿಕೆ ಅಚ್ಚು ಹಾಕಿಸಬೇಕಾಗಿಲ್ಲ. ಕಾರು ನಿಲ್ಲಿಸಿ ಬಾನೆಟ್ ಎತ್ತಿದರೆ ಸಾಕು. ಅಲ್ಲಿಯವರೆಗೆ ನರಪಿಳ್ಳೆಯೂ ಕಾಣದಿದ್ದ ಜಾಗದಲ್ಲಿ ಡೈರಿಗೆ ಹಾಲು ಒಯ್ಯುವವರು, ತೋಟಕ್ಕೆ ಔಷಧಿ ಹೊಡೆಸಲು ಹೊರಟವರು, ಬಸ್ಸಿಗೆ ಕಾದು ಬೇಸತ್ತವರು ಎಲ್ಲರೂ ಸೊಂಟಕ್ಕೆ ಕೈ ಕೊಟ್ಟು ಎಂಜಿನ್ನಿನೊಳಗೆ ಇಣುಕತೊಡಗುತ್ತಾರೆ. ‘ನನಗೆ ಗೊತ್ತಿಲ್ಲ’ ಎನ್ನುವವರು ಇವರಲ್ಲಿ ಒಬ್ಬರೂ ಇರುವುದಿಲ್ಲ. ಆದರೆ ಇವರು ಹೇಳುವುದನ್ನು ಸ್ವಲ್ಪ ಗಮನವಿಟ್ಟು ಕೇಳಿದರೆ, ಯಾರಿಗೆ ಯಾವ ರಿಪೇರಿಯಲ್ಲಿ ಕೈ ಸುಟ್ಟಿದೆಯೋ ಅವರಿಗೆ ಊರಿನ ಎಲ್ಲ ಗಾಡಿಗಳಲ್ಲೂ ಅದೇ ದೋಷ ಕಾಣುತ್ತದೆ ಎಂಬುದು ತಿಳಿಯುತ್ತದೆ.

ಕಳೆದ ಮಳೆಗಾಲದಲ್ಲಿ ತೀರ್ಥಹಳ್ಳಿಯಿಂದ ಮನೆಗೆ ಬರುವ ಏರಿನಲ್ಲಿ ನಮ್ಮ ಮೂರು ಸಿಲಿಂಡರಿನ ಪೆಟ್ರೋಲ್ ಕಾರು ಮಿಸ್ಸಿಂಗ್ ಹೊಡೆಯಲು ಶುರುಮಾಡಿತು. ಎಳೆತ ಕುಸಿಯಿತು, ಸ್ಟಿಯರಿಂಗ್ ನಡುಗಿತು, ಮೀಟರ್ ಬೋರ್ಡಿನಲ್ಲಿ ಎಂಜಿನ್ ಚಿತ್ರದ ಹಳದಿ ದೀಪ ಮಿನುಗತೊಡಗಿತು. ಹೇಗೋ ಒಂದನೇ ಗೇರಿನಲ್ಲೇ ಅಂಗಳ ಮುಟ್ಟಿಸಿದೆ. ಬೆಳಿಗ್ಗೆ ಕಾಫಿ ಮುಗಿಸಿ ಬಾನೆಟ್ ಎತ್ತುವಷ್ಟರಲ್ಲಿ ಸಭೆ ಸೇರಿಯೇಬಿಟ್ಟಿತ್ತು.

ಅಧ್ಯಕ್ಷ ಸ್ಥಾನ ಎಂದಿನಂತೆ ನಮ್ಮ ಭಾವನದು. ಅವರು ಗಾಡಿ ಸ್ಟಾರ್ಟ್ ಮಾಡಿಸಿ, ಹಿಂದೆ ಹೋಗಿ ಸೈಲೆನ್ಸರಿನ ಮುಂದೆ ಕೈ ಹಿಡಿದು, ಬೆರಳಿಗೆ ಹತ್ತಿದ ನೀರಿನ ಹನಿಗಳನ್ನು ಎಲ್ಲರಿಗೂ ತೋರಿಸಿದರು. “ಬಿಳಿ ಹೊಗೆ. ಹೆಡ್ ಗ್ಯಾಸ್ಕೆಟ್ ಹೋಗಿದೆ. ಎಂಜಿನ್ ಇಳಿಸದೆ ಗತಿಯಿಲ್ಲ.” ಎಂಜಿನ್ನಿನ ಮೇಲ್ಭಾಗವಾದ ಹೆಡ್ಡಿಗೂ ಕೆಳಗಿನ ಸಿಲಿಂಡರುಗಳಿಗೂ ನಡುವಿನ ಬಿಗಿ ಪದರವೇ ಈ ಗ್ಯಾಸ್ಕೆಟ್; ಅದು ಹೋದರೆ ಎಂಜಿನ್ ತಂಪಿಡುವ ದ್ರವ, ಅಂದರೆ ಕೂಲೆಂಟ್, ಸಿಲಿಂಡರಿಗೆ ನುಗ್ಗಿ ಬಿಳಿ ಹೊಗೆಯಾಗಿ ಹೊರಬರುತ್ತದೆ. ಭಾವನ ತೀರ್ಪಿನ ಹಿಂದೆ ಒಂದು ಪೂರ್ವಕಥೆಯಿದೆ. ಭಾವನ ಹಳೆಯ ಕಾರು ಒಮ್ಮೆ ಉಡುಪಿ ಕಡೆಯಿಂದ ಆಗುಂಬೆ ಘಾಟಿಯ 14 ತಿರುವುಗಳನ್ನು ಹತ್ತುವಾಗ ರೇಡಿಯೇಟರ್ ಖಾಲಿಯಾಗಿ, ಹೆಡ್ ಸೊಟ್ಟಗಾಗಿ, ಆ ವರ್ಷದ ಚಾಲಿ ಅಡಿಕೆಯ ದುಡ್ಡಿನಲ್ಲಿ ದೊಡ್ಡ ಪಾಲು ಶಿವಮೊಗ್ಗದ ಗ್ಯಾರೇಜೊಂದಕ್ಕೆ ಸಂದಾಯವಾಗಿತ್ತು. ಅಂದಿನಿಂದ ಅವರಿಗೆ ಬಿಳಿ ಹೊಗೆ ಎಂದರೆ ಗ್ಯಾಸ್ಕೆಟ್ಟೇ. ಶಿವಮೊಗ್ಗದಲ್ಲಿ ಎಂಜಿನಿಯರಿಂಗ್ ಓದುತ್ತಿರುವ ಅಕ್ಕನ ಮಗ ಮಾತ್ರ ಸುಮ್ಮನಿರಲಿಲ್ಲ. ಒಂದು ಲೀಟರ್ ಪೆಟ್ರೋಲ್ ಉರಿದರೆ ಹೆಚ್ಚುಕಡಿಮೆ ಒಂದು ಲೀಟರ್ ನೀರೇ ಹುಟ್ಟುತ್ತದೆ, ತಣ್ಣನೆಯ ಬೆಳಿಗ್ಗೆ ಅದು ಸೈಲೆನ್ಸರಿನಲ್ಲಿ ಹನಿಗಟ್ಟುವುದು ಸಹಜ, ಎಂಜಿನ್ ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ಲದೆ ಕೂಲೆಂಟ್ ಕಡಿಮೆಯಾಗುತ್ತ ಬಂದರೆ ಮಾತ್ರ ಗ್ಯಾಸ್ಕೆಟ್ಟನ್ನು ಸಂಶಯಿಸಬೇಕು ಎಂದು ಅವನು ವಿವರಿಸಿದ. ಸ್ವಲ್ಪ ಹೊತ್ತಿನಲ್ಲಿ ಹೊಗೆ ನಿಂತಿತು. ಕೂಲೆಂಟ್ ಡಬ್ಬಿಯೂ ತುಂಬಿಯೇ ಇತ್ತು. ಭಾವ ಅದನ್ನು ನೋಡಿಯೂ ನೋಡದಂತೆ ಕವಳದ ಸಂಚಿ ಬಿಚ್ಚಿದರು.

ಪಕ್ಕದ ಮನೆಯ ನಿವೃತ್ತ ಮೇಷ್ಟ್ರು ಪೆಟ್ರೋಲಿನಲ್ಲಿ ನೀರು ಸೇರಿದೆ ಎಂದರು. ಅವರ ಸ್ಕೂಟರಿಗೆ ಹಿಂದಿನ ವರ್ಷ ಹಾಗೆಯೇ ಆಗಿತ್ತು. ಎಸ್ಟೇಟಿನ ಜೀಪ್ ಯಜಮಾನರು, ಕಾರ್ಬೊರೇಟರ್ ಬಿಚ್ಚಿ ಪೆಟ್ರೋಲಿನಲ್ಲಿ ತೊಳೆದು ಗಾಳಿ ಹೊಡೆಯಿರಿ ಎಂದರು. ಪೆಟ್ರೋಲಿಗೆ ಗಾಳಿ ಬೆರೆಸುವ ಆ ಹಳೆಯ ಕಾಲದ ಕಾರ್ಬೊರೇಟರ್ ಈ ಕಾರಿನಲ್ಲಿ ಇಲ್ಲವೆಂದು ತಿಳಿದಾಗ ಅವರು ನನ್ನನ್ನು ಮೋಸಹೋದವನೆಂಬಂತೆ ಮರುಕದಿಂದ ನೋಡಿದರು.

ಅಷ್ಟರಲ್ಲಿ ಹುಡುಗ ಸ್ಟಿಯರಿಂಗಿನ ಕೆಳಗೆ ಬೆಂಕಿಪೊಟ್ಟಣದಷ್ಟಿನ ಸ್ಕ್ಯಾನರ್ ಸಿಕ್ಕಿಸಿ, ಮೊಬೈಲಿನಲ್ಲಿ ‘ಪಿ 0303’ ಎಂದು ಓದಿದ. ಮೂರನೇ ಸಿಲಿಂಡರಿನಲ್ಲಿ ಉರಿ ತಪ್ಪುತ್ತಿದೆ ಎಂದು ಅದರ ಅರ್ಥ. “ಎಲ್ಲಿ ತಪ್ಪುತ್ತಿದೆ ಎಂದಷ್ಟೇ ಇದು ಹೇಳುತ್ತದೆ ಮಾವ, ಯಾಕೆ ಎಂದು ಹೇಳುವುದಿಲ್ಲ. ದೀಪ ಮಿನುಗುವಾಗ ಹೆಚ್ಚು ಓಡಿಸಲೂಬಾರದು, ಉರಿಯದ ಪೆಟ್ರೋಲ್ ಹೋಗಿ ಹೊಗೆ ಶುದ್ಧಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಸುಡುತ್ತದೆ” ಎಂದ. ಪ್ಲಗ್ಗಿಗೆ ಕಿಡಿಯ ವಿದ್ಯುತ್ ಕೊಡುವ ಕಾಯಿಲನ್ನು ಮೂರನೆಯದರಿಂದ ತೆಗೆದು ಒಂದನೆಯದಕ್ಕೆ ಹಾಕಿ ನೋಡುವುದು, ದೋಷವೂ ಜೊತೆಯಲ್ಲೇ ಒಂದಕ್ಕೆ ಹೋದರೆ ಕಾಯಿಲ್ ಕೆಟ್ಟಿದೆ ಎಂದರ್ಥ, ಮೂರರಲ್ಲೇ ಉಳಿದರೆ ಬೇರೆ ಕಾರಣ ಹುಡುಕುವುದು ಎಂದು ಅವನ ಲೆಕ್ಕ. ಒಂದು ಪೈಸೆ ಖರ್ಚಿಲ್ಲದ ಈ ವಿಧಾನದ ಬಗ್ಗೆ ಸಭೆಗೆ ಉತ್ಸಾಹ ಮೂಡಲಿಲ್ಲ. ಅಲ್ಲದೆ ಕಾಯಿಲ್ ಬಿಚ್ಚಲು ಹತ್ತು ನಂಬರಿನ ಸ್ಪ್ಯಾನರ್ ಬೇಕಿತ್ತು, ನಮ್ಮ ಸ್ಪ್ಯಾನರ್ ಸೆಟ್ಟಿನಲ್ಲಿ ಅದೊಂದನ್ನು ಬಿಟ್ಟು ಮಿಕ್ಕೆಲ್ಲವೂ ಇದ್ದವು. ಹುಡುಗ ಸ್ಪ್ಯಾನರ್ ತರಲು ಹೋದ.

ಕೆಟ್ಟು ನಿಂತ ಗಾಡಿಯ ಎದುರು ಮಾಡಿಫಿಕೇಶನ್ನಿನ ಮಾತು ಬಲು ಸರಾಗವಾಗಿ ಹರಿಯುತ್ತದೆ. ದಪ್ಪ ಟಯರ್ ಹಾಕಿಸಿದರೆ ನೆಲದ ಹಿಡಿತ ಚೆನ್ನಾಗಿರುತ್ತದೆ ಎಂದರು ಒಬ್ಬರು. ಆದರೆ ಟಯರಿನ ಎತ್ತರ ಹೆಚ್ಚಿದಷ್ಟೂ ಘಾಟಿಯಲ್ಲಿ ಎಳೆತ ಕಡಿಮೆಯಾಗುತ್ತದೆ, ಸ್ಪೀಡೋಮೀಟರ್ ನಿಜಕ್ಕಿಂತ ಕಡಿಮೆ ವೇಗ ತೋರಿಸುತ್ತದೆ ಎಂಬುದನ್ನು ಯಾರೂ ಹೇಳಲಿಲ್ಲ. ಛಾವಣಿಯ ಮೇಲೆ ಸಾಲು ದೀಪ ಹಾಕಿಸಿಕೊಂಡ ಮತ್ತೊಬ್ಬರು, ಆಗುಂಬೆಯ ಮಂಜಿನಲ್ಲಿ ಆ ಬೆಳಕೆಲ್ಲ ತಮ್ಮ ಕಣ್ಣಿಗೇ ಹಿಂದಿರುಗಿ ಬರುತ್ತದೆಂದು ಒಪ್ಪಿಕೊಂಡರೂ ದೀಪ ತೆಗೆಸುವ ಮಾತಾಡಲಿಲ್ಲ. ಜೀಪ್ ಯಜಮಾನರಿಗೆ ತಮ್ಮ ಸ್ನಾರ್ಕೆಲ್ ಬಗ್ಗೆ ಬಹಳ ಅಭಿಮಾನ. ಹಳ್ಳ ದಾಟುವಾಗ ಏರ್ ಫಿಲ್ಟರಿನ ದಾರಿಯಲ್ಲಿ ನೀರು ಸಿಲಿಂಡರಿಗೆ ಹೋದರೆ, ನೀರನ್ನು ಗಾಳಿಯಂತೆ ಅದುಮಲಾಗದೆ ಕನೆಕ್ಟಿಂಗ್ ರಾಡೇ ಬಾಗಿಹೋಗುತ್ತದೆ. ಆದ್ದರಿಂದ ಛಾವಣಿಯ ಎತ್ತರದಿಂದ ಗಾಳಿ ಎಳೆಯುವ ಈ ಕೊಳವೆ ನಿಜಕ್ಕೂ ಉಪಯುಕ್ತವಾದದ್ದೇ. ಆದರೆ ಅವರ ಜೀಪಿನ ಕೊಳವೆ ಮಡ್‌ಗಾರ್ಡಿನವರೆಗೆ ಮಾತ್ರ ಬಂದು ನಿಂತಿದೆ, ಏರ್ ಫಿಲ್ಟರಿಗೆ ಅದರ ಸಂಬಂಧವೇ ಇಲ್ಲ. ಬಲ್ಲವರು ಯಾರೂ ಅವರೆದುರು ಇದನ್ನು ಆಡುವುದಿಲ್ಲ, ಏಕೆಂದರೆ ಮಳೆಗಾಲದಲ್ಲಿ ಊರಿನವರನ್ನು ಆಸ್ಪತ್ರೆಗೆ ಮುಟ್ಟಿಸುವುದು ಅದೇ ಜೀಪು. ಮೇಷ್ಟ್ರು ಮಾತ್ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ನನ್ನೂ, ಕಂಪನಿ ಕೊಟ್ಟ ಮೂಲ ವಿವರಗಳಿಗೆ ವಿರುದ್ಧವಾಗಿ ಗಾಡಿ ಬದಲಾಯಿಸುವಂತಿಲ್ಲವೆಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಹೇಳಿದ್ದನ್ನೂ ನೆನಪಿಸಿದರು. ಸಭೆ ಗೌರವದಿಂದ ಕೇಳಿಸಿಕೊಂಡು, ಹಾರ್ನಿನ ವಿಷಯಕ್ಕೆ ಹೊರಳಿತು.

ಸ್ಪ್ಯಾನರ್ ಬಂತು. ಕಾಯಿಲ್ ಬದಲಾಯಿಸಿದರೂ ದೋಷ ಮೂರರಲ್ಲೇ ಉಳಿಯಿತು. ಪ್ಲಗ್ ಬದಲಾಯಿಸಿದರೂ ಅದೇ ಕಥೆ. ಆಗ ಹುಡುಗ ಟಾರ್ಚ್ ಹಿಡಿದು, ಎಂಜಿನ್ನಿಗೆ ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರಿಗೆ ಹೋಗುವ ವೈರಿನ ಗುಂಟ ಬೆರಳಾಡಿಸುತ್ತ ಹೋದ. ಪ್ಲಾಸ್ಟಿಕ್ ಮುಚ್ಚಳದ ಹಿಂದಿನ ಸಂದಿಯಲ್ಲಿ ಅಡಿಕೆ ಸಿಪ್ಪೆಯ ನಾರು, ಗೋಣಿಚೀಲದ ದಾರ, ಅರ್ಧ ಕಚ್ಚಿದ ಎರಡು ಹಲಸಿನ ಬೀಜ ಎಲ್ಲವೂ ಒಪ್ಪವಾಗಿ ಜೋಡಣೆಯಾಗಿದ್ದವು. ಅಲ್ಲೇ ಪಕ್ಕದಲ್ಲಿ ವೈರಿನ ಮೈ ಸುಲಿದು, ತಾಮ್ರದ ಒಂದೆರಡು ಎಳೆ ಮಾತ್ರ ಉಳಿದಿತ್ತು. ಎಂಜಿನ್ ಅದುರಿದಾಗ ಅದು ಒಮ್ಮೆ ತಾಗಿ ಒಮ್ಮೆ ಬಿಡುತ್ತಿತ್ತು. ಮಳೆಗೆ ಬೆಚ್ಚನೆಯ ಜಾಗ ಹುಡುಕಿಕೊಂಡು ಬಂದ ಇಲಿ ನಮ್ಮ ಕಾರಿನಲ್ಲಿ ಸಂಸಾರ ಹೂಡಿತ್ತು. ವೈರ್ ಜೋಡಿಸಿ, ಬೆಸುಗೆ ಹಾಕಿ, ಟೇಪ್ ಸುತ್ತಿದ ಮೇಲೆ ಎಂಜಿನ್ ನಯವಾಗಿ ಓಡಿತು.

ಇಷ್ಟಾದರೂ ಯಾರೂ ಮನೆಗೆ ಹೊರಡಲಿಲ್ಲ. ಇಲಿಗೆ ಮದ್ದು ಸೂಚಿಸುವುದು ಬಾಕಿಯಿತ್ತು. ಹೊಗೆಸೊಪ್ಪು, ನುಸಿ ಗುಳಿಗೆ, ಮೆಣಸಿನ ಪುಡಿ ಎಲ್ಲವೂ ಬಂದುಹೋದ ಮೇಲೆ ಎಂಜಿನ್ನಿನ ಕೆಳಗೆ ಕಬ್ಬಿಣದ ಜಾಲರಿ ಕೂರಿಸುವುದೆಂದು ಬಹುಮತದಿಂದ ತೀರ್ಮಾನವಾಯಿತು. ನಮ್ಮ ಕಾರೂ ಕೊನೆಗೆ ಮಾಡಿಫೈ ಆಗುತ್ತದೆಂಬ ಸಂಭ್ರಮದಲ್ಲಿ ಹುಡುಗ ಜಾಲರಿಗೆ ಕೆಂಪು ಬಣ್ಣ ಹೊಡೆಸೋಣ ಎಂದ. ಮೇಷ್ಟ್ರು ಆರ್‌ಸಿ ಪುಸ್ತಕ ತರಿಸಿ ಓದಿ, ಇಲಿ ಜಾಲರಿಯ ಪ್ರಸ್ತಾಪ ಇದರಲ್ಲಿ ಎಲ್ಲೂ ಇಲ್ಲವಾದ್ದರಿಂದ 52ನೇ ಸೆಕ್ಷನ್ ಅಡ್ಡ ಬರಲಾರದು ಎಂದು ಅಭಿಪ್ರಾಯ ಕೊಟ್ಟರು. ಭಾವ ಎದ್ದು, ಕವಳ ಉಗಿದು ಬಂದು ಹೇಳಿದರು: “ಹಾಕಿಸಿ, ಹಾಕಿಸಿ. ಗಾಳಿಯಾಡದೆ ಎಂಜಿನ್ ಕಾದು ಹೆಡ್ ಗ್ಯಾಸ್ಕೆಟ್ ಹೋಗದಿದ್ದರೆ ಆಮೇಲೆ ನನ್ನನ್ನು ಕೇಳಿ.”