ಬಡಾವಣೆ ಅವರದು, ಚರಂಡಿ ಯಾರದು?

ಶಿವಮೊಗ್ಗದ ಸುತ್ತ ಹೊಸ ಬಡಾವಣೆ ಮಾಡುವವರಿಂದ ಊರಿನ ರಸ್ತೆ, ನೀರು, ಚರಂಡಿಗೆಂದು ಹೆಚ್ಚಿನ ಶುಲ್ಕ ವಸೂಲು ಮಾಡಬೇಕೇ?

ಪರ

ಮಾಡಲೇಬೇಕು. 2023ರ ಫೆಬ್ರವರಿಯಲ್ಲಿ ಸೋಗಾನೆಯ ವಿಮಾನ ನಿಲ್ದಾಣ ಉದ್ಘಾಟನೆಯಾಯಿತು. ಕಟ್ಟಿದ್ದು ಸರ್ಕಾರದ ದುಡ್ಡಿನಲ್ಲಿ, ಅಂದರೆ ನಮ್ಮೆಲ್ಲರ ದುಡ್ಡಿನಲ್ಲಿ. ‘ವಿಮಾನ ನಿಲ್ದಾಣಕ್ಕೆ ಹತ್ತೇ ನಿಮಿಷ’ ಎಂದು ಫಲಕ ಹಾಕಿ ಸೈಟಿನ ದರ ಏರಿಸಿದರೆ ಆ ಲಾಭ ಮಾತ್ರ ಮಾರುವವರ ಕಿಸೆಗೆ.

ನಮ್ಮ ಬೀದಿಯ ಮೇಲ್ಭಾಗದಲ್ಲಿ ಮೊದಲು ಗದ್ದೆಯಿತ್ತು. ಪುನರ್ವಸು ಮಳೆ ಎಷ್ಟೇ ಹೊಡೆದರೂ ನೀರು ಬದುಗಳ ನಡುವೆ ನಿಂತು, ಇಂಗಿ, ನಿಧಾನವಾಗಿ ಇಳಿಯುತ್ತಿತ್ತು. ಆ ಗದ್ದೆಗೆ ಲಾರಿಗಟ್ಟಲೆ ಮಣ್ಣು ಸುರಿದು ಬಡಾವಣೆ ಮಾಡಿದರು. ಒಳಗೆ ಎಲ್ಲ ಅಚ್ಚುಕಟ್ಟು: ಡಾಂಬರು ರಸ್ತೆ, ಬೀದಿ ದೀಪ, ಕಾಂಕ್ರೀಟ್ ಚರಂಡಿ. ಆ ಚರಂಡಿ ಕಾಂಪೌಂಡಿನ ಮೂಲೆಯವರೆಗೆ ಬಂದು ಅಲ್ಲಿಗೇ ನಿಂತಿದೆ. ಮೂರಡಿ ಅಗಲದ ಬಾಯಿಂದ ಬೀಳುವ ನೀರೆಲ್ಲ ನಮ್ಮ ಬೀದಿಯ ಒಂದಡಿ ಚರಂಡಿಯಲ್ಲಿ ಹಿಡಿಸಬೇಕು. ಮೊದಲ ಮಳೆಗಾಲದಲ್ಲೇ ಎದುರು ಮನೆಯ ಅಡುಗೆ ಕೋಣೆಗೆ ಕೆಂಪು ನೀರು ನುಗ್ಗಿತು. ಅಲ್ಲಿನ ಅಜ್ಜಿ ಅಕ್ಕಿ ಮೂಟೆಯನ್ನು ಮಂಚದ ಮೇಲೆ ಹಾಕಿಸಿ, ತಾವು ಕುರ್ಚಿಯಲ್ಲಿ ಕಾಲು ಮಡಚಿಕೊಂಡು ಕುಳಿತು ಬೆಳಗು ಮಾಡಿದರು. ಬಡಾವಣೆಯವರನ್ನು ಕೇಳಿದರೆ, ‘ನಮ್ಮ ಗಡಿಯೊಳಗೆ ಎಲ್ಲ ನಕ್ಷೆಯಂತೆಯೇ ಇದೆ ಸ್ವಾಮಿ’ ಎಂದರು. ಇದೆ, ಸುಳ್ಳಲ್ಲ. ಗಡಿಯಾಚೆಯ ಹೊಣೆಯನ್ನು ಅವರ ಮೇಲೆ ಯಾರೂ ಹೊರಿಸಿಲ್ಲ ಎಂಬುದೇ ನನ್ನ ತಕರಾರು.

ಇದು ಹೊಸ ಕಲ್ಪನೆಯೇನಲ್ಲ. ನೀರು ಸರಬರಾಜು, ವರ್ತುಲ ರಸ್ತೆಗಳಿಗೆಂದು ಸೆಸ್, ಸರ್ಚಾರ್ಜ್ ಹಾಕಲು 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಅಧಿನಿಯಮದಲ್ಲೇ ಅವಕಾಶ ಕಲ್ಪಿಸಲಾಗಿದೆ. ಗಡಿಯಾಚೆಯ ಚರಂಡಿಗೂ ಹಾಗೆಯೇ, ತುಂಬಿದ ಗದ್ದೆಯ ವಿಸ್ತೀರ್ಣಕ್ಕೆ ತಕ್ಕಂತೆ ಕಟ್ಟಿಸಿಕೊಳ್ಳಲಿ. ಸೈಟು ದುಬಾರಿಯಾಗುತ್ತದೆ ಎಂದು ಬಡವರ ಹೆಸರಿನಲ್ಲಿ ಕಣ್ಣೀರು ಸುರಿಸುವವರಿದ್ದಾರೆ. ಶುಲ್ಕ ಕಡಿಮೆ ಇದ್ದ ದಿನಗಳಲ್ಲಿ ಯಾವ ಡೆವಲಪರ್ ಬಡವರಿಗೆಂದು ಅಗ್ಗಕ್ಕೆ ಕೊಟ್ಟಿದ್ದ? ನಮ್ಮ ಬೀದಿಯ ಚರಂಡಿಯನ್ನು ಅಗಲ ಮಾಡುವ ಖರ್ಚು ಈಗ ಪಾಲಿಕೆಯದು, ಎಂದರೆ ಆ ಅಜ್ಜಿ ಕಟ್ಟುವ ಮನೆ ಕಂದಾಯದ್ದು.

ವಿರೋಧ

ನನ್ನ ಪಾಲಿಗೆ ಬಂದದ್ದು ವಿರೋಧದ ಪಕ್ಷ. ಡೆವಲಪರ್‌ಗಳ ಪರ ವಾದಿಸುವ ಹುಮ್ಮಸ್ಸು ನನಗಿಲ್ಲ. ಅವರ ಲಾಭ ಸ್ವಲ್ಪ ಕರಗಿದರೆ ನನಗೆ ಸಂಕಟವೂ ಇಲ್ಲ. ಆದರೆ ಶುಲ್ಕದ ರಸೀದಿ ಅವರ ಹೆಸರಿನಲ್ಲಿದ್ದರೂ ಹಣ ಹೋಗುವುದು ಸೈಟು ಕೊಳ್ಳುವವರ ಕೈಯಿಂದ.

ನನ್ನ ಅಕ್ಕ ಅಂಗನವಾಡಿ ಕಾರ್ಯಕರ್ತೆ. ಅನುಮೋದಿತ ಬಡಾವಣೆಗಳಲ್ಲಿ ದರ ವಿಚಾರಿಸಿ ವಿಚಾರಿಸಿ ಅವಳೂ ಭಾವನೂ ಸೋತರು. ಕೊನೆಗೆ ಊರಾಚೆ, ಪಂಚಾಯಿತಿ ವ್ಯಾಪ್ತಿಯಲ್ಲಿ, ಒಂದು ಕಂದಾಯ ಸೈಟು, ಅಂದರೆ ಬಡಾವಣೆಯ ಅನುಮೋದನೆಯಿಲ್ಲದ ಸೈಟು, ಕೊಂಡರು. ಪಂಚಾಯಿತಿ ಕೊಡುವ ಆಸ್ತಿ ದಾಖಲೆ, ನಮೂನೆ 9, 11, ಬಂದೇ ಬರುತ್ತದೆ ಎಂದು ಮಾರಿದವನು ಭರವಸೆ ಕೊಟ್ಟಿದ್ದ. ಬರಲಿಲ್ಲ. ಅದಿಲ್ಲದೆ ಬ್ಯಾಂಕಿನವರು ಸಾಲದ ಅರ್ಜಿಯನ್ನೇ ಮುಟ್ಟಲಿಲ್ಲ. ನಾಲ್ಕು ಮೂಲೆಗೆ ನೆಟ್ಟ ಕಲ್ಲುಗಳು ಇಂದು ಲಂಟಾನದ ಪೊದೆಯಲ್ಲಿ ಮುಚ್ಚಿಹೋಗಿವೆ. ಭಾವ ಪ್ರತಿ ದಸರಾ ಆದ ಮೇಲೆ ಕತ್ತಿ ಹಿಡಿದು ಹೋಗಿ ಸವರಿ ಬರುತ್ತಾರೆ. ಕಾನೂನುಬದ್ಧ ಸೈಟಿನ ದರ ಇನ್ನೂ ಏರಿದರೆ ಇಂಥ ಸೈಟಿಗೆ ಬೀಳುವವರು ಹೆಚ್ಚುತ್ತಾರೆ. ಅಲ್ಲಿ ಶುಲ್ಕವೂ ಇಲ್ಲ, ಚರಂಡಿಯೂ ಇಲ್ಲ.

ಇನ್ನೊಂದು ಮಾತು. ಕೊಳ್ಳುವವರಿಂದ ಪಡೆದ ಹಣದಲ್ಲಿ ಶೇ 70ರಷ್ಟನ್ನು ಪ್ರತ್ಯೇಕ ಖಾತೆಯಲ್ಲಿಟ್ಟು ಅದೇ ಯೋಜನೆಗೆ ಬಳಸಬೇಕೆಂದು ರಿಯಲ್ ಎಸ್ಟೇಟ್ ನಿಯಂತ್ರಣಕ್ಕೆಂದು ಬಂದ 2016ರ ರೇರಾ ಕಾಯ್ದೆ ಡೆವಲಪರ್‌ಗೆ ಕಟ್ಟಪ್ಪಣೆ ಮಾಡಿದೆ. ಶುಲ್ಕ ಪಡೆಯುವ ನಗರಾಭಿವೃದ್ಧಿ ಪ್ರಾಧಿಕಾರಕ್ಕೂ ಅಂಥ ಕಟ್ಟುಪಾಡು ಬೇಡವೇ?

ಮನೆಗೆ ನೀರು ನುಗ್ಗುವ ಮಾತಿಗೆ ಬಂದರೆ, 2019ರ ಆಗಸ್ಟ್‌ನಲ್ಲಿ ನಗರದ ತಗ್ಗು ಪ್ರದೇಶಗಳು ಜಲಾವೃತವಾದದ್ದು ತುಂಗೆ ಉಕ್ಕಿ ಹರಿದಾಗ. ಯಾವ ಶುಲ್ಕ ಅದನ್ನು ತಡೆಯುತ್ತಿತ್ತು?

ಯಾವ ಬಡಾವಣೆಯಿಂದ ಎಷ್ಟು ಬಂತು, ಯಾವ ಚರಂಡಿಗೆ ಎಷ್ಟು ಹೋಯಿತು ಎಂಬುದನ್ನು ಪ್ರತಿ ವರ್ಷ ಪ್ರಕಟಿಸುವ ನಿಯಮ ಮೊದಲು ಬರಲಿ. ಆಗ ನಾನೂ ಒಪ್ಪಿಯೇನು.